ವಾರದ ಸಭೆಗೆ ಎರಡನೇ ತಿಂಗಳಿಗೇ ಅರ್ಧ ಹುಡುಗಿಯರು ಬರುತ್ತಿಲ್ಲ, ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ನಗು ಬಂತು, ಬೇಜಾರಾಗಬೇಡಿ. ಹಳೇ ಹುಬ್ಬಳ್ಳಿ ಕಡೆ 10ರಿಂದ 15 ವರ್ಷದ 24 ಹುಡುಗಿಯರನ್ನು ವಾರಕ್ಕೊಮ್ಮೆ ಸೇರಿಸುತ್ತಿದ್ದೀರಿ. ಮೊದಲ ವಾರ ಎಲ್ಲರೂ ಬಂದರು, ಈಗ ಹತ್ತೋ ಹನ್ನೊಂದೋ ಬರುತ್ತಾರೆ. ಇನ್ನೂ ಚಲೋ ಕಾರ್ಯಕ್ರಮ ಇಟ್ಟರೆ ಬರುತ್ತಾರಾ ಅಂತ ಕೇಳಿದ್ದೀರಿ. ಇದೇ ಪ್ರಶ್ನೆ ಹಿಡಿದುಕೊಂಡು ನಾನು ಪೂರ್ತಿ ಒಂದು ವರ್ಷ ಕಳೆದಿದ್ದೇನೆ. ಚಾರ್ಟ್ ಬರೆದೆ, ಬಹುಮಾನ ತಂದೆ, ಒಬ್ಬ ದೊಡ್ಡ ಮನುಷ್ಯರನ್ನು ಕರೆಸಿ ಒಂದು ತಾಸು ಭಾಷಣ ಮಾಡಿಸಿದೆ. ಹುಡುಗಿಯರು ಗೋಡೆಗೆ ಒರಗಿ ಕುಳಿತು ಒಬ್ಬರ ಜಡೆ ಒಬ್ಬರು ಹೆಣೆದರು. ಮುಂದಿನ ವಾರ ಬಂದವರು ಏಳು ಜನ.

ನಾನು ಹೈಸ್ಕೂಲಿನಲ್ಲಿ, ಸ್ಕೌಟ್ಸ್ ಥರ ಹುಡುಗಿಯರಿಗಾಗಿ ಇರುವ ಗೈಡ್ಸ್‌ನಲ್ಲಿದ್ದೆ. ಆಮೇಲೆ ಗೈಡ್ಸ್‌ನ ಬೇಸಿಕ್ ಕೋರ್ಸ್ ಮಾಡಿ ನಮ್ಮ ಭಾಗದಲ್ಲೇ ಒಂಬತ್ತು ವರ್ಷ ಶನಿವಾರದ ಗುಂಪು ನಡೆಸಿದೆ. ಹಾಗಾಗಿ ಪುಸ್ತಕದ್ದು ಬಿಟ್ಟು ಮಾಡಿ ನೋಡಿದ್ದನ್ನೇ ಹೇಳುತ್ತೇನೆ.

ಮೊದಲು ಕಾರ್ಯಕ್ರಮದ ಯೋಚನೆ ಬಿಡಿ. ಬರದೇ ಇರುವ ಹುಡುಗಿಯರ ಮನೆಗೆ ಹೋಗಿ. ಫೋನ್ ಮಾಡಬೇಡಿ, ಫೋನ್ ಇರುವುದು ಅಪ್ಪನ ಕಿಸೆಯಲ್ಲಿ. ಮನೆಗೇ ಹೋಗಿ ಚಹಾ ಕುಡಿಯಿರಿ. ನಾನು ಹೋದಾಗ ಮೊದಲ ಮನೆಯಲ್ಲೇ ಉತ್ತರ ಸಿಕ್ಕಿತು. ಹುಡುಗಿ ನಲ್ಲಿ ಮುಂದೆ ಕೊಡ ಹಿಡಿದು ಕುಳಿತಿದ್ದಳು. "ಇವತ್ತ ನೀರ್ ಬಂದಾವ್ರಿ ಅಕ್ಕಾರ, ಹೆಂಗ್ ಬರ್ಲಿ?" ಅಂದಳು. ನಮ್ಮ ಊರಿನ ನೀರಿನ ಕಥೆ ನಿಮಗೇ ಗೊತ್ತು. ಕೆಲವು ವಾರ್ಡುಗಳಲ್ಲಿ 2008ರಿಂದ ದಿನವಿಡೀ ನೀರು ಬರುತ್ತದೆ, ಉಳಿದವರು ಎಷ್ಟೋ ದಿನಕ್ಕೊಮ್ಮೆ ಬರುವ ನೀರಿಗೆ ಕಾಯುತ್ತಾರೆ. ಅದೂ ಇಂಥದೇ ವಾರ ಅಂತಿಲ್ಲ. ಈ ಸಲ ಶನಿವಾರ ಬಂದರೆ ಮುಂದಿನ ಸಲ ಸೋಮವಾರ. ನೀರು ತುಂಬುವುದು ಮನೆಯ ದೊಡ್ಡ ಮಗಳ ಪಾಲಿಗೆ. ಇದಕ್ಕೆ ನಿಮ್ಮ ಚಾರ್ಟ್ ಏನು ಮಾಡೀತು?

ಎರಡನೇ ಮನೆಯಲ್ಲಿ ಕಾರಣ ಬೇರೆ. ನಾವು ಸೇರುತ್ತಿದ್ದದ್ದು ಗುಡಿಯ ಕಟ್ಟೆ ಮೇಲೆ. ತಿಂಗಳಲ್ಲಿ ಆ ನಾಲ್ಕು ದಿನ ದೊಡ್ಡ ಹುಡುಗಿಯರು ಅಲ್ಲಿಗೆ ಕಾಲಿಡುವುದಿಲ್ಲ. ನಾಲ್ಕು ದಿನ ತಪ್ಪಿದರೆ ಒಂದು ಸಭೆ ತಪ್ಪಿತು, ಒಂದು ತಪ್ಪಿದರೆ ಮುಂದಿನದಕ್ಕೆ ಬರಲು ಸಂಕೋಚ. ಪಕ್ಕದ ಗಲ್ಲಿಯ ಮುಸ್ಲಿಂ ಹುಡುಗಿಯರಂತೂ ಗುಡಿ ಅಂದ ಕೂಡಲೇ ಬರುವ ಮಾತೇ ಎತ್ತಿರಲಿಲ್ಲ. ಕಟ್ಟೆ ತಂಪಾಗಿದೆ, ಬಿಟ್ಟಿ ಸಿಗುತ್ತದೆ ಅಂತ ಆರಿಸಿದವಳು ನಾನೇ. ಆಮೇಲೆ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯ ಪಡಸಾಲೆ ಕೇಳಿ ಪಡೆದೆವು. ನಾನು ಕೇಳಿದ ಮೊದಲ ಪ್ರಶ್ನೆ ಶೌಚಾಲಯಕ್ಕೆ ಚಿಲಕ ಇದೆಯಾ, ಒಳಗೆ ನೀರಿದೆಯಾ ಅಂತ. ಜಾಗ ನೋಡುವಾಗ ನೀವೂ ಮೊದಲು ಅದನ್ನೇ ನೋಡಿ. ಮೈದಾನ ಎಷ್ಟು ದೊಡ್ಡದು ಅನ್ನುವುದು ಆಮೇಲಿನ ಮಾತು.

ಹೊತ್ತಿನ ವಿಷಯ ಬೇಗ ಮುಗಿಸುತ್ತೇನೆ. ಶನಿವಾರ ಮುಂಜಾನೆ ಶಾಲೆ, ಮಧ್ಯಾಹ್ನ ಬಿಡುವು. ನಾಲ್ಕಕ್ಕೆ ಶುರು, ಐದೂವರೆಗೆ ಮುಗಿತು. ಐದೂವರೆ ಅಂದರೆ ಐದೂವರೆ. ದೀಪ ಹಚ್ಚುವ ಹೊತ್ತಿಗೆ ಮಗಳು ಮನೆಯಲ್ಲಿದ್ದರೆ ಮುಂದಿನ ವಾರವೂ ಕಳಿಸುತ್ತಾರೆ.

ಈಗ ಮುಖ್ಯ ವಿಷಯ. 24 ಹುಡುಗಿಯರನ್ನು ನೀವು ಒಬ್ಬರೇ ಎದುರಿಗೆ ನಿಂತು ನಡೆಸುತ್ತಿದ್ದೀರಿ ಅನಿಸುತ್ತದೆ. ಅಲ್ವಾ? ಹಾಗೆ ನಡೆಸಿದರೆ ಅದು ಶಾಲೆಯ ಇನ್ನೊಂದು ಪೀರಿಯಡ್ ಆಗುತ್ತದೆ. 24ರಲ್ಲಿ ಒಬ್ಬಳು ಬರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅವಳಿಗೂ ಅದು ಗೊತ್ತು. ಆರು ಜನರಲ್ಲಿ ಒಬ್ಬಳು ಬರದಿದ್ದರೆ ಜಾಗ ಖಾಲಿ ಕಾಣುತ್ತದೆ. ಗೈಡ್ಸ್‌ನಲ್ಲಿ ಇದಕ್ಕೆ ಪ್ಯಾಟ್ರೋಲ್ ಅನ್ನುತ್ತಾರೆ. ಆರರಿಂದ ಎಂಟು ಹುಡುಗಿಯರು, ಅವರಲ್ಲೇ ಒಬ್ಬಳು ನಾಯಕಿ, ಒಬ್ಬಳು ಉಪನಾಯಕಿ. 1910ರಲ್ಲಿ ಇಂಗ್ಲೆಂಡಿನಲ್ಲಿ ಗೈಡ್ಸ್ ಶುರುವಾಗಿ ಮರುವರ್ಷವೇ ಜಬಲ್‌ಪುರಕ್ಕೆ ಬಂತು. ಅಂದಿನಿಂದ ಇಂದಿನವರೆಗೂ ಈ ಸಣ್ಣ ಗುಂಪಿನ ಪದ್ಧತಿ ಉಳಿದುಕೊಂಡಿದೆ. ನಮ್ಮ ಮಕ್ಕಳು ಪ್ಯಾಟ್ರೋಲ್ ಅಂದರೆ ಬಂಕಿನ ಪೆಟ್ರೋಲ್ ಅಂತ ಬಿದ್ದು ಬಿದ್ದು ನಕ್ಕರು. ಕೊನೆಗೆ 'ಟೋಳಿ' ಅಂತಲೇ ಉಳಿಯಿತು. ಹೆಸರು ಅವರೇ ಇಟ್ಟುಕೊಂಡರು: ಮಲ್ಲಿಗಿ, ಸೇವಂತಿಗಿ, ಅಬ್ಬಲಿಗಿ. ನಾಲ್ಕನೆಯದು ಚಿಗರಿ. ಜಿಂಕೆ ಅಂತ ತಿಳಿಯಬೇಡಿ, ಹುಬ್ಬಳ್ಳಿ-ಧಾರವಾಡ ಓಡಾಡುವ ಬಸ್ಸು.

ಟೋಳಿ ಹೇಗೆ ಮಾಡಬೇಕು ಅನ್ನುವುದರಲ್ಲಿ ನಾನು ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ಓಣಿ ಪ್ರಕಾರ ಹಂಚಿದೆ. ಲೆಕ್ಕ ಸರಿ ಇತ್ತು. ಒಂದೇ ಓಣಿಯವರು ಕೂಡಿ ಬರುತ್ತಾರೆ, ಕೂಡಿ ಹೋಗುತ್ತಾರೆ, ನೀರು ಬಂದರೆ ಒಂದೇ ಟೋಳಿ ತಪ್ಪುತ್ತದೆ. ಬರುವವರ ಸಂಖ್ಯೆಯೂ ಏರಿತು. ಆದರೆ ಒಂದು ಶನಿವಾರ ಎಲ್ಲರೂ ಮನೆಯಿಂದ ತಿಂಡಿ ತಂದಿದ್ದರು. ಒಂದು ಟೋಳಿಯ ಹುಡುಗಿ ಚಕ್ಕುಲಿ ಡಬ್ಬಿ ಹಿಡಿದು ಇನ್ನೊಂದು ಟೋಳಿಗೆ ಹೋದಳು. ಅಲ್ಲಿ ಆರೂ ಜನ "ಹೊಟ್ಟಿ ತುಂಬೇತಿ" ಅಂದರು. ಆಗಷ್ಟೇ ಡಬ್ಬಿ ತೆರೆದವರು! ಆ ಹುಡುಗಿ ಏನೂ ಅನ್ನಲಿಲ್ಲ, ಮುಚ್ಚಳ ಹಾಕಿಕೊಂಡು ಬಂದಳು. ಹಳೇ ಊರಿನ ಓಣಿ ಅಂದರೆ ಬರೀ ವಿಳಾಸ ಅಲ್ಲ, ಜಾತಿಯೂ ಹೌದು. ಓಣಿ ಪ್ರಕಾರ ಹಂಚಿ ನಾನು ಜಾತಿ ಪ್ರಕಾರ ಹಂಚಿದ್ದೆ.

ಮುಂದಿನ ವಾರವೇ ಒಡೆದೆ. ಈಗ ಎರಡು ಲೆಕ್ಕ. ಬರುವಾಗ ಹೋಗುವಾಗ ಓಣಿಯ ಜೊತೆ, ಸಭೆಯೊಳಗೆ ಬೆರೆಸಿದ ಟೋಳಿ. ಒಬ್ಬೊಬ್ಬಳೂ ತನ್ನ ಜೊತೆ ಬೇಕಾದ ಒಬ್ಬ ಗೆಳತಿಯ ಹೆಸರು ಚೀಟಿಯಲ್ಲಿ ಬರೆದುಕೊಡುತ್ತಾಳೆ, ಅದನ್ನು ನಡೆಸಿಕೊಡುತ್ತೇನೆ. ಉಳಿದವರನ್ನು ನಾನು ಸೇರಿಸುತ್ತೇನೆ. ಅಕ್ಕ ತಂಗಿಯರನ್ನು ಬೇರೆ ಬೇರೆ ಹಾಕುತ್ತೇನೆ, ಇಲ್ಲದಿದ್ದರೆ ತಂಗಿ ಬಾಯಿ ಬಿಡುವುದಿಲ್ಲ. ತಿಂಡಿ ಮಾತ್ರ ಮನೆಯಿಂದ ತರುವಂತಿಲ್ಲ. ಪ್ರತಿ ವಾರ ಒಂದು ಟೋಳಿ ಗಿರ್ಮಿಟ್ ಕಲಸುತ್ತದೆ, ಎಲ್ಲರಿಗೂ ಒಂದೇ ಬುಟ್ಟಿ. ಚುರುಮುರಿ, ಉಳ್ಳಾಗಡ್ಡಿ, ಪುಟಾಣಿ ಪುಡಿ, ಹುಣಸೆ ಹುಳಿಯ ಗೊಜ್ಜು. ಎರಡು ವಾರ ಇಬ್ಬರು ತಿನ್ನಲಿಲ್ಲ. ನಾನು ಕೇಳಲಿಲ್ಲ. ಮೂರನೇ ವಾರ ಕಲಸುವ ಪಾಳಿ ಅವರದ್ದೇ ಬಂತು.

ನಾಯಕಿಯನ್ನು ವಾರಕ್ಕೊಬ್ಬರಂತೆ ಬದಲಿಸಬೇಡಿ. ಎಲ್ಲರಿಗೂ ಅವಕಾಶ ಸಿಗಲಿ ಅಂತ ಹಾಗೆ ಮಾಡುವವರಿದ್ದಾರೆ, ಯಾರೂ ಏನೂ ಕಲಿಯುವುದಿಲ್ಲ. ಆರು ತಿಂಗಳು ಒಬ್ಬಳೇ ಇರಲಿ. ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಅನ್ನುವುದು ಅವಳ ಕೆಲಸ. ಸುದ್ದಿ ಮುಟ್ಟಿಸುವುದೂ ಅವಳೇ, ಮನೆಯಿಂದ ಮನೆಗೆ ಬಾಯಿಮಾತಿನಲ್ಲಿ. ನಾಲ್ವರು ನಾಯಕಿಯರು ಅರ್ಧ ತಾಸು ಮೊದಲೇ ಬರುತ್ತಾರೆ. ಗೈಡ್ಸ್‌ನಲ್ಲಿ ಇದು ಕೋರ್ಟ್ ಆಫ್ ಆನರ್. ಹೆಸರು ದೊಡ್ಡದು, ಕೆಲಸ ಸಣ್ಣದು: ಇವತ್ತು ಏನು ಮಾಡೋಣ, ಡಬ್ಬಿಯಲ್ಲಿ ದುಡ್ಡೆಷ್ಟಿದೆ, ಯಾರ ಜಗಳ ಬಾಕಿ ಇದೆ. ನಾನು ಅಲ್ಲಿ ಕೂರುತ್ತೇನೆ, ಮಾತಾಡುವುದು ಕಡಿಮೆ. ಕಷ್ಟದ ಕೆಲಸ ಅದೇ ನೋಡಿ.

ಸಭೆಯ ತೊಂಬತ್ತು ನಿಮಿಷದಲ್ಲಿ ನನ್ನ ಪಾಲು ಇಪ್ಪತ್ತು. ಮೊದಲು ಕುದುರೆ ಲಾಳದ ಆಕಾರದಲ್ಲಿ ನಿಂತು ಪ್ರಾರ್ಥನೆ, ಹಾಜರಿ. ಕೂಡಲೇ ಓಡುವ ಆಟ, ಯಾಕೆಂದರೆ ಮನೆಯಲ್ಲಿ ಅವರಿಗೆ ಓಡಲು ಸಿಗುವುದಿಲ್ಲ. ಆಮೇಲೆ ನಾನು ಒಂದೇ ಒಂದು ಹೊಸದು ಹೇಳಿಕೊಡುತ್ತೇನೆ. ಉಳಿದ ಹೊತ್ತು ಟೋಳಿಗಳು ತಮ್ಮ ತಮ್ಮ ಮೂಲೆಯಲ್ಲಿ. ಕೊನೆಗೆ ಗಿರ್ಮಿಟ್, ಹಾಡು, ಮನೆ.

ಮೂಲೆಯಲ್ಲಿ ಏನು ಮಾಡಿಸಬೇಕು ಅಂತ ಕೇಳುತ್ತೀರಿ. ಒಂದೆರಡು ಹೇಳುತ್ತೇನೆ. ತಟ್ಟೆ ಆಟ ಎಲ್ಲರಿಗೂ ಇಷ್ಟ. ಪರಾತದಲ್ಲಿ 24 ಸಾಮಾನು ಇಟ್ಟು ಟವೆಲ್ ಮುಚ್ಚುವುದು. ಕೀಲಿ, ಬಳೆ ಚೂರು, ಹುಣಸೆ ಬೀಜ, ಬೆಳ್ಳುಳ್ಳಿ ಎಸಳು, ಬಸ್ ಟಿಕೆಟ್. ಒಂದು ನಿಮಿಷ ತೋರಿಸಿ ಮತ್ತೆ ಮುಚ್ಚಿ, ನೆನಪಿದ್ದಷ್ಟು ಬರೆಯಬೇಕು. ಓದಿನಲ್ಲಿ ಹಿಂದಿದ್ದ ಹುಡುಗಿಯೊಬ್ಬಳು 23 ಬರೆದಳು. ಹೇಗೆ ಅಂದರೆ, "ಎಲ್ಲಾ ನಮ್ಮ ಅಡಗಿಮನ್ಯಾಗ ಇಟ್ಟೆ ಅಂತ ತಿಳ್ಕೊಂಡೆರಿ, ಒಂದೊಂದ ಕಡೆ ಒಂದೊಂದು." ಬಾಯಿಪಾಠದ ರಾಣಿಯರು ಹದಿನಾಲ್ಕು ದಾಟಿರಲಿಲ್ಲ. ಅವತ್ತಿನಿಂದ ಅವಳ ಟೋಳಿಯಲ್ಲಿ ಅವಳ ಮಾತಿಗೆ ತೂಕ ಬಂತು.

ಗಂಟು ಕಲಿಸುವುದು ಬೋರು ಅಂತ ಎಲ್ಲರೂ ಅನ್ನುತ್ತಾರೆ. ಸುಮ್ನೆ ಹಗ್ಗ ಕೊಟ್ಟು ರೀಫ್ ನಾಟ್ ಹಾಕಿ ಅಂದರೆ ಬೋರೇ. ನಾನು ಪಂಚಮಿಗೆ ಮೊದಲು ಕಲಿಸುತ್ತಿದ್ದೆ. ಜೋಕಾಲಿ ಆಡುವವರು ಯಾರು? ನಾವು. ಕಟ್ಟುವವರು ಯಾರು? ಎಲ್ಲರ ಮನೆಯಲ್ಲೂ ಅಣ್ಣ, ಇಲ್ಲ ಕಾಕಾ. ಆ ವರ್ಷ ಶಾಲೆಯ ಬೇವಿನ ಗಿಡಕ್ಕೆ ಹುಡುಗಿಯರೇ ಕಟ್ಟಿದರು. ಟೊಂಗೆಗೆ ಹಗ್ಗ ಎರಡು ಸುತ್ತು, ಮೇಲೆ ಎರಡು ಬಿಗಿ ಗಂಟು, ಉಜ್ಜದಂತೆ ನಡುವೆ ಗೋಣಿತಟ್ಟು. ಮೊದಲು ನಾನು ಕುಳಿತೆ. ನನ್ನ ತೂಕ ತಡೆದರೆ ಯಾರದ್ದಾದರೂ ತಡೆಯುತ್ತದೆ.

ಇನ್ನೊಂದು ಕಸೂತಿ. ಊರಲ್ಲಿ ಕಸೂತಿ ಬಲ್ಲ ಅಜ್ಜಿ ಒಬ್ಬರಾದರೂ ಸಿಗುತ್ತಾರೆ. ಗವಂತಿ, ಮುರ್ಗಿ, ನೇಗಿ, ಮೆಂತಿ, ನಾಲ್ಕು ಹೊಲಿಗೆ, ನಾಲ್ಕು ಟೋಳಿ. ಬಟ್ಟೆ ಮೇಲೆ ನಕ್ಷೆ ಬರೆದುಕೊಳ್ಳುವ ಹಾಗಿಲ್ಲ, ಎಳೆ ಎಣಿಸಿ ಹಾಕಬೇಕು. ಗವಂತಿಯಂತೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಆಮೇಲೆ ಅವರನ್ನು ಬೆಂಗೇರಿಗೆ ಕರೆದೊಯ್ದೆ. ಅಲ್ಲಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ರಾಷ್ಟ್ರಧ್ವಜ ತಯಾರಾಗುತ್ತದೆ, ಹೊಲಿಯುವವರಲ್ಲಿ ಬಹಳಷ್ಟು ಹೆಂಗಸರು. ಮೊದಲೇ ಅನುಮತಿ ಕೇಳಬೇಕು. ಅಗಲ ಎರಡಾದರೆ ಉದ್ದ ಮೂರು, 24 ಗೆರೆಯ ಚಕ್ರ ಬಟ್ಟೆಯ ಎರಡೂ ಬದಿಗೆ ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಇದನ್ನು ನೋಡಿದ ಒಬ್ಬಳು, "ಅಕ್ಕಾರ, ಇದೂ ಗವಂತಿ ಇದ್ದಂಗ ಐತ್ರಿ" ಅಂದಳು. ಹೊಲಿಯುತ್ತಿದ್ದ ಹೆಂಗಸು ಮಷೀನ್ ನಿಲ್ಲಿಸಿ ತಿರುಗಿ ನೋಡಿದರು.

ಹೊರಗೆ ಕರೆದೊಯ್ಯುವಾಗ ಹುಷಾರು. ಒಮ್ಮೆ ಉಣಕಲ್ ಕೆರೆಗೆ ಹೋಗಿ, ಪಕ್ಕದಲ್ಲೇ ಇರುವ ಚಂದ್ರಮೌಳೇಶ್ವರ ಗುಡಿಯನ್ನೂ ತೋರಿಸಿ ಬಿಡೋಣ ಅಂತ ಆಸೆ ಪಟ್ಟೆ. ವಾಪಸ್ ಬರುವಾಗ ಏಳೂವರೆ. ಓಣಿಯ ಬಾಯಲ್ಲಿ ಅಪ್ಪಂದಿರು ಸಾಲಾಗಿ ನಿಂತಿದ್ದರು. ಯಾರೂ ಬೈಯಲಿಲ್ಲ, ಅದೇ ಜಾಸ್ತಿ ಭಯ. ಮೂವರು ಹುಡುಗಿಯರು ಮತ್ತೆ ಬರಲಿಲ್ಲ. ತಪ್ಪು ನನ್ನದೇ. ಅಂದಿನಿಂದ ಹೋಗುವ ಮೊದಲು ಪಾಲಕರ ಸಹಿ ಇರುವ ಚೀಟಿ, ಜೊತೆಗೆ ಇಬ್ಬರು ತಾಯಂದಿರು, ಒಂದೇ ಜಾಗ. ಸಭೆಯಲ್ಲೂ ದೊಡ್ಡವರು ಯಾವಾಗಲೂ ಇಬ್ಬರಿರಲಿ. ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವ ಚಟ ಇದ್ದರೆ ಬಿಟ್ಟುಬಿಡಿ, ಒಂದು ಫೋಟೋದಿಂದ ಒಬ್ಬ ಹುಡುಗಿಯ ಬರುವಿಕೆ ನಿಂತದ್ದು ನೋಡಿದ್ದೇನೆ.

ಗಿರ್ಮಿಟ್ ಕಲಸುವಾಗ ಹುಡುಗಿಯರು ಮನೆಯ ಮಾತು ಆಡುತ್ತಾರೆ. ಕೆಲವು ನಗುವಂಥವು, ಕೆಲವು ಅಲ್ಲ. ಮದುವೆ ಮಾತು, ಶಾಲೆ ಬಿಡಿಸುವ ಮಾತು ಕಿವಿಗೆ ಬಿದ್ದರೆ ಅಲ್ಲೇ ಎಲ್ಲರ ಮುಂದೆ ಕೆದಕಬೇಡಿ, ಆಮೇಲೆ ಒಬ್ಬಳನ್ನೇ ಕೇಳಿ. ಮಕ್ಕಳ ಸಹಾಯವಾಣಿ 1098 ನಂಬರನ್ನು ಹಾಡಿನ ಥರ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದೆವು.

ಮುಂದೆ ಅಧಿಕೃತವಾಗಿ ಗೈಡ್ಸ್ ದಳ ಮಾಡಬೇಕು ಅನಿಸಿದರೆ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್‌ನ ಜಿಲ್ಲಾ ಸಂಸ್ಥೆಯಲ್ಲಿ ವಿಚಾರಿಸಿ, ನಿಮ್ಮ ಗುಂಪಿನ ವಯಸ್ಸಿನ ಹುಡುಗಿಯರು ಗೈಡ್ಸ್‌ಗೆ ಸರಿಹೊಂದುತ್ತಾರೆ. ಆದರೆ ಈ ವಾರ ಅದೆಲ್ಲ ಬೇಡ. ಬರದ ಹದಿಮೂರು ಜನರ ಹೆಸರು ಬರೆದುಕೊಂಡು ದಿನಕ್ಕೆರಡು ಮನೆಯಂತೆ ಹೋಗಿ ಬನ್ನಿ. ನೀರು ಬಂದಿದ್ದರೆ ಬಾಗಿಲಲ್ಲಿ ನಿಂತು ಮಾತಾಡಬೇಡಿ, ಒಂದು ಕೊಡ ಎತ್ತಿಕೊಡಿ.