ಮೊದಲ ಬೆಂಚು ಕೊಟ್ಟರೆ ಸಾಲದು

ಪ್ರಶ್ನೆ: ನನ್ನ ಮಗಳಿಗೆ ಆರು ವರ್ಷ. ಹುಟ್ಟಿನಿಂದಲೇ ಎರಡೂ ಕಿವಿ ಮಂದ. ಎರಡೂವರೆ ವರ್ಷವಿದ್ದಾಗ ಶ್ರವಣ ಸಾಧನ ಹಾಕಿಸಿ, ತಾಯಿ-ಮಗು ಒಟ್ಟಿಗೆ ಕಲಿಯುವ ಪೂರ್ವ ಶಾಲಾ ತರಬೇತಿಗೆ ಮೂರು ವರ್ಷ ಕರೆದುಕೊಂಡು ಹೋದೆ. ಈಗ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತನಾಡುತ್ತಾಳೆ, ಉಚ್ಚಾರ ಸ್ವಲ್ಪ ಅಸ್ಪಷ್ಟ. ಸಾಮಾನ್ಯ ಶಾಲೆಗೆ ಸೇರಿಸಬಹುದೆಂದು ಅಲ್ಲಿನ ಶಿಕ್ಷಕಿಯರು ಹೇಳಿದ್ದಾರೆ. ಆದರೆ ನಮ್ಮೂರಿನ ಶಾಲೆಯೊಂದರ ಮುಖ್ಯೋಪಾಧ್ಯಾಯರು, ‘ಉಳಿದ ಮಕ್ಕಳ ಪಾಠ ಹಿಂದೆ ಬೀಳುತ್ತದೆ, ಇಂಥವರಿಗೆಂದೇ ವಿಶೇಷ ಶಾಲೆಗಳಿವೆಯಲ್ಲ’ ಎಂದರು. ನಮ್ಮ ಅತ್ತೆಯವರ ಮಾತೂ ಅದೇ. ಯಜಮಾನರಿಗೆ ಇಂಗ್ಲಿಷ್ ಮಾಧ್ಯಮದ ಆಸೆ. ಕಿವಿಯ ವಿಷಯ ಹೇಳದೆ, ಕೂದಲು ಇಳಿಬಿಟ್ಟು ಬೇರೆ ಶಾಲೆಗೆ ಸೇರಿಸಿಬಿಡಲೇ ಎಂದೂ ಒಮ್ಮೊಮ್ಮೆ ಅನ್ನಿಸುತ್ತದೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ ಜಿಲ್ಲೆ

ಉತ್ತರ: ಕೂದಲು ಇಳಿಬಿಡುವ ಯೋಚನೆಯನ್ನು ಮೊದಲು ಕೈಬಿಡಿ. ವಿಷಯ ಗೊತ್ತಿಲ್ಲದ ಶಿಕ್ಷಕರಿಗೆ, ಕರೆದರೂ ತಿರುಗಿ ನೋಡದ ಮಗು ಹಟಮಾರಿಯಾಗಿಯೇ ಕಾಣುತ್ತದೆ. ಸಾಧನದ ಬ್ಯಾಟರಿ ಮುಗಿದು ಅವಳಿಗೆ ಇಡೀ ದಿನ ಏನೂ ಕೇಳಿಸದಿದ್ದರೂ ಅದು ಯಾರ ಗಮನಕ್ಕೂ ಬರುವುದಿಲ್ಲ.

ಪ್ರವೇಶದ ವಿಷಯದಲ್ಲಿ ಕಾನೂನು ನಿಮ್ಮ ಪರವಾಗಿದೆ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ತಾರತಮ್ಯವಿಲ್ಲದೆ ಪ್ರವೇಶ ನೀಡಬೇಕೆಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ ಹೇಳುತ್ತದೆ. ನ್ಯೂನತೆ ಶೇ 40 ಅಥವಾ ಅದಕ್ಕಿಂತ ಹೆಚ್ಚೆಂದು ಪ್ರಮಾಣಪತ್ರವಿದ್ದರೆ, 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ, ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ ಪಡೆಯುವ ಹಕ್ಕೂ ಅವಳಿಗಿದೆ. ಆಯ್ಕೆ ನಿಮ್ಮದೇ ಹೊರತು ಮುಖ್ಯೋಪಾಧ್ಯಾಯರದಲ್ಲ. ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಅದನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳ ಮುಂದಿಡಿ. ಬರೆದುಕೊಡಿ ಎಂದಾಕ್ಷಣ ಮೆತ್ತಗಾಗುವವರೇ ಹೆಚ್ಚು.

ಆದರೆ ಹಾಜರಿ ಪುಸ್ತಕದಲ್ಲಿ ಹೆಸರು ಬರುವುದೇ ಬೇರೆ, ತರಗತಿಯಲ್ಲಿ ಪಾಠ ದಕ್ಕುವುದೇ ಬೇರೆ. ಶ್ರವಣ ಸಾಧನವು ಕನ್ನಡಕದಂತೆ ಹಾಕಿಕೊಂಡೊಡನೆ ಎಲ್ಲವನ್ನೂ ಸರಿಪಡಿಸುವುದಿಲ್ಲ. ಅದು ಶಿಕ್ಷಕರ ದನಿಯ ಜೊತೆಗೆ ಫ್ಯಾನಿನ ಸದ್ದನ್ನೂ ಬೆಂಚು ಎಳೆಯುವ ಸದ್ದನ್ನೂ ಹಿಗ್ಗಿಸುತ್ತದೆ, ಮಾತನಾಡುವವರು ದೂರ ಸರಿದಷ್ಟೂ ಮಾತು ಆ ಗದ್ದಲದಲ್ಲಿ ಮುಳುಗುತ್ತದೆ. ಆಗ ಮಗು ತುಟಿ ನೋಡುತ್ತದೆ. ತುಟಿಯ ಮೇಲೆ ‘ಪಾಲು’, ‘ಬಾಲು’, ‘ಮಾಲು’ ಮೂರೂ ಒಂದೇ. ಶಿಕ್ಷಕರು ಬೋರ್ಡಿನ ಕಡೆ ತಿರುಗಿ ಮಾತು ಮುಂದುವರಿಸಿದರೆ ಆ ತುಟಿಯೂ ಇಲ್ಲ.

ನಮ್ಮ ಭಾಷೆಯದೇ ಇನ್ನೊಂದು ತೊಡಕಿದೆ. ಕನ್ನಡದಲ್ಲಿ ಅರ್ಥದ ಭಾರವನ್ನು ಹೊರುವ ಪ್ರತ್ಯಯಗಳು ಪದದ ಕೊನೆಯಲ್ಲಿ, ದನಿ ಇಳಿಯುವ ಜಾಗದಲ್ಲಿ ಬರುತ್ತವೆ. ‘ಚೀಲದಿಂದ ಪುಸ್ತಕ ತೆಗೀರಿ’ ಎಂದರೂ ‘ಚೀಲದಲ್ಲಿ ಪುಸ್ತಕ ಇಡಿ’ ಎಂದರೂ ನಿಮ್ಮ ಮಗಳಿಗೆ ಸ್ಪಷ್ಟವಾಗಿ ಕೇಳಿಸುವುದು ‘ಚೀಲ’ ಮತ್ತು ‘ಪುಸ್ತಕ’ ಮಾತ್ರ ಆಗಿರಬಹುದು. ಎಲ್ಲರೂ ಪುಸ್ತಕ ಹೊರತೆಗೆಯುವಾಗ ಇವಳೊಬ್ಬಳು ಒಳಗಿಡುತ್ತಾಳೆ, ತರಗತಿ ನಗುತ್ತದೆ. ದಡ್ಡಿ ಎಂಬ ಹೆಸರು ಅಂಟಿಕೊಳ್ಳುವುದು ಇಂಥ ಕ್ಷಣಗಳಲ್ಲಿ. ಹೇಳಿದ್ದನ್ನು ಅವಳ ಬಾಯಿಂದ ಒಮ್ಮೆ ಹೇಳಿಸಿದರೆ, ಎಲ್ಲಿ ತಪ್ಪಿತೆಂದು ಶಿಕ್ಷಕರಿಗೆ ಅಲ್ಲಿಯೇ ತಿಳಿಯುತ್ತದೆ.

ಆದ್ದರಿಂದ ತರಗತಿ ಶಿಕ್ಷಕಿಯನ್ನು ಕಂಡು ಕೇಳಬೇಕಾದದ್ದು ಅನುಕಂಪವನ್ನಲ್ಲ, ಕೆಲವು ಸಣ್ಣ ರೂಢಿಗಳನ್ನು. ಮುಖ ಕಾಣುವಂತೆ ನಿಂತು ಮಾತನಾಡಲಿ, ಬರೆಯುವಾಗ ಮಾತು ನಿಲ್ಲಿಸಲಿ, ಉಕ್ತಲೇಖನವನ್ನು ಓಡಾಡುತ್ತ ಹೇಳದಿರಲಿ. ಇಂಥ ಮಕ್ಕಳನ್ನು ಮೊದಲ ಬೆಂಚಿನ ನಡುವೆ ಕೂರಿಸಿ ಕರ್ತವ್ಯ ಮುಗಿಯಿತೆಂದುಕೊಳ್ಳುವುದು ಸಾಮಾನ್ಯ. ನಾನಾದರೆ ಎರಡನೆಯ ಸಾಲಿನ ಬದಿಯ ಜಾಗವನ್ನು ಕೇಳುತ್ತೇನೆ. ಅಲ್ಲಿಂದ ಶಿಕ್ಷಕಿಯ ಮುಖವೂ ಕಾಣುತ್ತದೆ, ಉತ್ತರ ಹೇಳುವ ಮಕ್ಕಳ ಮುಖವೂ ಕಾಣುತ್ತದೆ. ತರಬೇತಿಯಲ್ಲಿ ನೀವು ಕಲಿತಿರಬಹುದಾದ ಆ, ಈ, ಊ, ಮ್, ಶ್, ಸ್ ಎಂಬ ಆರು ಧ್ವನಿಗಳ ಪರೀಕ್ಷೆಯನ್ನು ಶಿಕ್ಷಕಿಗೂ ತೋರಿಸಿಕೊಡಿ. ಬೆಳಿಗ್ಗೆ ಬಾಯಿ ಮರೆಮಾಡಿ ಹೇಳಿದ ಇವನ್ನು ಮಗು ಮರಳಿ ಹೇಳಿದರೆ ಸಾಧನ ಸರಿಯಿದೆ ಎಂದರ್ಥ, ಒಂದು ನಿಮಿಷವೂ ಬೇಕಾಗದು. ಬದಲಿ ಬ್ಯಾಟರಿಗಳನ್ನು ಶಿಕ್ಷಕಿಯ ಕೈಯಲ್ಲೇ ಕೊಡಿ. ಮಕ್ಕಳು ನುಂಗಿದರೆ ಅಪಾಯ.

ಸರ್ಕಾರದ ‘ಸಮಗ್ರ ಶಿಕ್ಷಣ’ ಯೋಜನೆಯಡಿ ಸಮನ್ವಯ ಶಿಕ್ಷಣಕ್ಕೆಂದು, ಅಂದರೆ ನ್ಯೂನತೆಯುಳ್ಳ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಕಲಿಯಲೆಂದು, ನೇಮಕವಾದ ಸಂಪನ್ಮೂಲ ಶಿಕ್ಷಕರ ಬಗ್ಗೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವಿಚಾರಿಸಿ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದ್ದರೂ, ಒಬ್ಬರೇ ಹಲವು ಶಾಲೆ ಸುತ್ತುವುದು ಇಂದಿಗೂ ತಪ್ಪಿಲ್ಲ. ಹೀಗಾಗಿ ವಾರದ ವಾಕ್ ತರಬೇತಿಯನ್ನು ನಿಲ್ಲಿಸಬೇಡಿ.

ಮಾಧ್ಯಮದ ಮಾತು. ಮೂರು ವರ್ಷ ನೀವು ಒಂದೊಂದೇ ಪದವಾಗಿ ಅವಳಿಗೆ ಕಲಿಸಿದ್ದು ಕನ್ನಡ. ಆ ಬಂಡವಾಳವನ್ನು ಬದಿಗಿಟ್ಟು, ಮನೆಯಲ್ಲಿ ಕಿವಿಗೆ ಬೀಳದ ಭಾಷೆಯಲ್ಲಿ ಪಾಠ ಕೇಳಿಸುವುದು ಸದ್ಯಕ್ಕೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡನೆಯ ಮತ್ತು ಮೂರನೆಯ ಭಾಷೆಗಳಿಂದ ವಿನಾಯಿತಿ ನೀಡುವ ಅವಕಾಶವನ್ನು ಅದೇ ಕಾಯ್ದೆ ಹೇಳಿರುವುದನ್ನು ಯಜಮಾನರಿಗೂ ತಿಳಿಸಿ.

ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಸಂಜ್ಞಾ ಭಾಷೆಯಲ್ಲಿ ಕಲಿತು ಅರಳುವ ಮಕ್ಕಳೂ ಇದ್ದಾರೆ, ಅವರಿಗೆ ವಿಶೇಷ ಶಾಲೆ ಸೋಲಲ್ಲ. ದಸರಾ ರಜೆಯ ಹೊತ್ತಿಗೆ ಶಿಕ್ಷಕಿಯೊಡನೆ ಕುಳಿತು ಮಾತನಾಡಿ. ಅಂಕಗಳಿಗಿಂತ ಮೊದಲು, ಊಟದ ಸಾಲಿನಲ್ಲಿ ಅವಳ ಪಕ್ಕ ಯಾರು ಕೂರುತ್ತಾರೆ ಎಂದು ಕೇಳಿ.