ಸೋಗಾನೆಯ ಕಮಲ, ನ್ಯೂಯಾರ್ಕ್‌ನ ರೆಕ್ಕೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಶಿವಮೊಗ್ಗ ಹತ್ತಿರದ ನಮ್ಮ ಸೋಗಾನೆ ವಿಮಾನ ನಿಲ್ದಾಣ ಕಮಲದ ಆಕಾರದಲ್ಲಿದೆ. ನ್ಯೂಯಾರ್ಕ್‌ನಲ್ಲಿ ಹಕ್ಕಿಯ ಹಾಗೆ ಕಾಣುವ ಹಳೇ ಟರ್ಮಿನಲ್ ಇದೆ ಎಂದು ಮಗಳು ಫೋಟೊ ತೋರಿಸಿದಳು. ಇಂಥ ಆಕಾರಗಳಿಂದ ಪ್ರಯಾಣಿಕರಿಗೆ ಏನಾದರೂ ಉಪಯೋಗ ಉಂಟಾ? ಸುಮ್ನೆ ನೋಡಲು ಚಂದ ಅಷ್ಟೇನಾ? (ಸಾಗರದ ಓದುಗರು)

ಉತ್ತರ: ಮಗಳು ತೋರಿಸಿದ್ದು ಟಿಡಬ್ಲ್ಯೂಎ ಎಂಬ ವಿಮಾನ ಕಂಪನಿಯ ಟರ್ಮಿನಲ್ ಇರಬೇಕು. ಈಗಿನ ಕೆನಡಿ ವಿಮಾನ ನಿಲ್ದಾಣದಲ್ಲಿದೆ. ಅದರ ವಾಸ್ತುಶಿಲ್ಪಿ ಈರೋ ಸಾರಿನೆನ್, ಫಿನ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದವರು. ಕಟ್ಟಡ ಬಾಗಿಲು ತೆರೆದದ್ದು 1962ರ ಮೇ ತಿಂಗಳಲ್ಲಿ. ಅದನ್ನು ನೋಡಲು ಸಾರಿನೆನ್ ಇರಲಿಲ್ಲ. ಹಿಂದಿನ ಸೆಪ್ಟೆಂಬರ್‌ನಲ್ಲೇ, 51ನೇ ವಯಸ್ಸಿಗೆ, ತೀರಿಕೊಂಡಿದ್ದರು.

ಫೋಟೊಗಳಲ್ಲಿ ಜಾಸ್ತಿ ಕಾಣುವುದು ಹೊರಗಿನ ರೆಕ್ಕೆ. ನನಗೆ ಇಷ್ಟವಾಗುವುದು ಅದರ ಒಳಗು. ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದ ಕಾಲದಿಂದಲೂ ಆ ಕಟ್ಟಡದ ನಕ್ಷೆಯನ್ನು ತೆಗೆದು ನೋಡುತ್ತಲೇ ಇದ್ದೇನೆ. ನೆಲ ಬಾಗಿ ಮೆಟ್ಟಿಲಾಗುತ್ತದೆ, ಗೋಡೆ ಬಾಗಿ ಸೂರಾಗುತ್ತದೆ. ಒಳಗೆ ಬಂದವರ ಕಣ್ಣಿಗೆ ಮೊದಲು ವಿಮಾನದ ಹೊತ್ತು ತೋರಿಸುವ ಫಲಕ ಬೀಳುತ್ತದೆ. ಎದುರಿಗೆ, ಸ್ವಲ್ಪ ತಗ್ಗಿನಲ್ಲಿ, ಕೂರುವ ಜಾಗ. ಅದರಾಚೆ ದೊಡ್ಡ ಗಾಜು, ಗಾಜಿನಾಚೆ ವಿಮಾನ. ವಿಮಾನದ ಕಡೆಗೆ ಹೋಗಲು ಕೊಳವೆಯಂಥ ಎರಡು ಉದ್ದನೆಯ ದಾರಿ, ಅದರಲ್ಲಿ ಕೆಂಪು ಜಮಖಾನ. ಮೊದಲ ಸಲ ವಿಮಾನ ಹತ್ತುವವರೂ ಯಾರನ್ನೂ ಕೇಳದೆ ನಡೆಯಬಹುದು. ಆಕಾರವೇ ದಾರಿ ತೋರಿಸುತ್ತದೆ ಅಲ್ವಾ? ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು: ಉಪಯೋಗ ಖಂಡಿತ ಉಂಟು.

ಆದರೆ ಅದೇ ಆಕಾರ ಅದಕ್ಕೆ ಕಷ್ಟವನ್ನೂ ತಂದಿತು. ವಿನ್ಯಾಸ ಶುರುವಾದದ್ದು 1956ರ ಹೊತ್ತಿಗೆ. ಆಗ ಅಮೆರಿಕದವರು ಓಡಾಡುತ್ತಿದ್ದದ್ದು ಪಂಖದ ವಿಮಾನಗಳಲ್ಲಿ. ಕಟ್ಟಡ ಮುಗಿಯುವಷ್ಟರಲ್ಲಿ ಬೋಯಿಂಗ್ 707 ಜೆಟ್ ಬಂದಿತ್ತು. 1970ರಲ್ಲಿ ಇನ್ನೂ ದೊಡ್ಡದು, 747, ಹಾರಾಟ ಶುರುಮಾಡಿತು. ಜನ ಹೆಚ್ಚಿದರು, ಸಾಮಾನು ಹೆಚ್ಚಿತು. ರೆಕ್ಕೆ ಬಿಚ್ಚಿ ನಿಂತ ಹಕ್ಕಿಗೆ ಇನ್ನೊಂದು ಕೋಣೆ ಎಲ್ಲಿ ಸೇರಿಸುವುದು? 2001ರಲ್ಲಿ ಟರ್ಮಿನಲ್ ಮುಚ್ಚಿತು. ಕೆಡವದೆ ಉಳಿಸಿಕೊಂಡರು, ಅದೇ ಸಮಾಧಾನ. 2019ರಿಂದ ಅದು ಹೋಟೆಲ್.

ಇದರ ಪಕ್ಕದಲ್ಲಿ ಅಮೆರಿಕದ್ದೇ ಸೇಂಟ್ ಲೂಯಿಸ್ ಊರಿನ ಟರ್ಮಿನಲ್ ಇಟ್ಟು ನೋಡಿ. ಮಿನೋರು ಯಮಸಾಕಿ ಎಂಬ ವಾಸ್ತುಶಿಲ್ಪಿಯದು, 1956ರದ್ದು. ಒಂದರ ಪಕ್ಕ ಒಂದು ಕಮಾನು ಚಾವಣಿ, ಒಟ್ಟು ಮೂರು. ಜನ ಹೆಚ್ಚಿದಾಗ ಅದೇ ಸಾಲಿಗೆ ನಾಲ್ಕನೆಯದನ್ನು ಸೇರಿಸಿದರು. ಹಳೆಯದಕ್ಕೆ ಏನೂ ಆಗಲಿಲ್ಲ.

ಸೋಗಾನೆಯ ಬಗ್ಗೆ ನನ್ನ ಚಿಂತೆ ಇಲ್ಲೇ ಇದೆ. ಕುವೆಂಪು ಅವರ ಹೆಸರಿನ ನಿಲ್ದಾಣ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು, ಆಗಸ್ಟ್ 31ರಿಂದ ವಿಮಾನ ಬಂತು. ರನ್‌ವೇ 3,200 ಮೀಟರ್. ಬೆಂಗಳೂರಿನಿಂದ ಬರುವ ಎಟಿಆರ್‌ನಂಥ ಚಿಕ್ಕ ವಿಮಾನಕ್ಕೆ ಅಷ್ಟು ಉದ್ದ ಬೇಕಿಲ್ಲ. ಮುಂದೆ ಬರುವ ದೊಡ್ಡ ವಿಮಾನಕ್ಕೆ ಜಾಗ ಬಿಟ್ಟಿದ್ದಾರೆ, ಬಹಳ ಒಳ್ಳೆಯದು. ಕಟ್ಟಡಕ್ಕೂ ಅದೇ ಯೋಚನೆ ಬೇಕು. ಅರಳಿದ ಹೂವಿಗೆ ಎಸಳು ಸೇರಿಸುವುದು ಸುಲಭವಲ್ಲ. ವಿಸ್ತರಿಸುವ ದಿನ ಬಂದಾಗ ಕಮಲವನ್ನು ಹರಿದು ಹೊಲಿಯುವ ಬದಲು ಪಕ್ಕದಲ್ಲಿ ಬೇರೆ ಕಟ್ಟಡ ಕಟ್ಟಿ ಜೋಡಿಸಲಿ ಎಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಅಂಥ ಕಾಂಕ್ರೀಟ್ ರೆಕ್ಕೆಗಳು ನಡುವೆ ಕಂಬಗಳ ಸಾಲು ಇಲ್ಲದೆ ಹೇಗೆ ನಿಲ್ಲುತ್ತವೆ? (ತೀರ್ಥಹಳ್ಳಿಯ ಪಿಯು ವಿದ್ಯಾರ್ಥಿನಿ)

ಉತ್ತರ: ಬಾಗಿದ್ದರಿಂದಲೇ ನಿಲ್ಲುತ್ತವೆ ಮಗಳೇ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯನ್ನು ನೆನೆಸಿ ಚಪ್ಪಟೆ ಮಾಡಿ ಒಂದು ತುದಿ ಹಿಡಿದುಕೋ, ಇನ್ನೊಂದು ತುದಿ ಜೋತು ಬೀಳುತ್ತದೆ. ಅದನ್ನೇ ದೋಣಿಯ ಹಾಗೆ ಬಗ್ಗಿಸಿ ಹಿಡಿದರೆ ನೆಟ್ಟಗೆ ನಿಲ್ಲುತ್ತದೆ. ಟಿಡಬ್ಲ್ಯೂಎ ಚಾವಣಿಯಲ್ಲಿ ಹೀಗೆ ಬಾಗಿದ ನಾಲ್ಕು ಚಿಪ್ಪುಗಳಿವೆ. ನಡುವೆ ಒಂದು ಕಡೆ ಅವು ಒಂದಕ್ಕೊಂದು ಒರಗಿಕೊಳ್ಳುತ್ತವೆ. ಭಾರವೆಲ್ಲ ಇಂಗ್ಲಿಷಿನ ವೈ ಅಕ್ಷರದಂಥ ನಾಲ್ಕು ಆಧಾರಗಳ ಮೂಲಕ ನೆಲಕ್ಕೆ ಇಳಿಯುತ್ತದೆ. ಚಿಪ್ಪುಗಳ ನಡುವಿನ ಸಂದಿಗೆ ಗಾಜು ಹಾಕಿದ್ದಾರೆ, ಬೆಳಕು ಅಲ್ಲಿಂದ ಬರುತ್ತದೆ.

ಪ್ರಶ್ನೆ: ಸೋಗಾನೆಗೆ ಹೋಗುವ ಆಟೊ, ಕಾರಿನ ಬಾಡಿಗೆ ನೋಡಿದರೆ ಬೆಂಗಳೂರಿಗೆ ರೈಲೇ ಸಾಕು ಅನ್ನಿಸುತ್ತದೆ. ಬೇರೆ ಕಡೆ ವಿಮಾನ ನಿಲ್ದಾಣಕ್ಕೆ ಬಸ್ಸು, ರೈಲು ಹೇಗೆ ಬಂದವು? (ಭದ್ರಾವತಿಯ ಓದುಗರು)

ಉತ್ತರ: ನಿಮ್ಮ ಮಾತು ಸರಿ. ಬೀರೂರು–ಶಿವಮೊಗ್ಗ ರೈಲು 1899ರಿಂದ ಓಡುತ್ತಿದೆ, ನಮ್ಮ ಜನಕ್ಕೆ ಅದೇ ರೂಢಿ.

ವಾಷಿಂಗ್ಟನ್ ಹತ್ತಿರದ ಡಲೆಸ್ ನಿಲ್ದಾಣದ ಕಥೆ ಕೇಳಿ. ಅದೂ ಸಾರಿನೆನ್ ಅವರದೇ, 1962ರ ನವೆಂಬರ್‌ನಲ್ಲಿ ಶುರುವಾಯಿತು. ನಕ್ಷೆ ಬರೆಯುವ ಮೊದಲು ಅವರ ತಂಡ ಬೇರೆ ನಿಲ್ದಾಣಗಳಿಗೆ ಹೋಗಿ, ಗಡಿಯಾರ ಹಿಡಿದು, ಜನ ಎಷ್ಟು ನಡೆಯುತ್ತಾರೆ ಎಂದು ಅಳೆದಿತ್ತು. ನಡೆದು ಸುಸ್ತಾಗುವವರನ್ನು ಕಂಡೇ ಅವರು ಒಂದು ಏರ್ಪಾಡು ಮಾಡಿದರು. ಕುರ್ಚಿಗಳಿರುವ, ಚಕ್ರದ ಮೇಲಿನ ದೊಡ್ಡ ಕೋಣೆ. ಪ್ರಯಾಣಿಕರು ಅದರಲ್ಲಿ ಕೂತರೆ ಅದೇ ವಿಮಾನದವರೆಗೆ ಹೋಗುತ್ತಿತ್ತು. ನಮ್ಮ ಮಲೆನಾಡಿನ ಬಸ್ಸುಗಳು ಮನೆಯ ದಣಪೆ ಎದುರಿಗೇ ನಿಂತು ಅಜ್ಜಿಯನ್ನು ಹತ್ತಿಸಿಕೊಳ್ಳುತ್ತಿದ್ದವಲ್ಲ, ಅದೇ ಕಾಳಜಿ. ಕೊಪ್ಪದ ಸಹಕಾರ ಸಾರಿಗೆಯನ್ನು 1991ರಿಂದ ಕಾರ್ಮಿಕರೇ ಸೇರಿ ನಡೆಸಿದರು. 2020ರಲ್ಲಿ ಅದು ನಿಂತದ್ದು ನನಗೆ ಇವತ್ತಿಗೂ ನೋವಿನ ಸಂಗತಿ.

ಡಲೆಸ್ ನಿಲ್ದಾಣ ವಾಷಿಂಗ್ಟನ್ ಊರಿಂದ ಸುಮಾರು 40 ಕಿಲೋಮೀಟರ್ ದೂರ. ಅಲ್ಲಿಗೇ ಅಂತ ಹೊಸ ರಸ್ತೆ ಮಾಡಿದಾಗ ನಡುವಿನ ಪಟ್ಟಿಯನ್ನು ಮುಂದೆ ಬರುವ ರೈಲಿಗೆ ಎಂದು ಖಾಲಿ ಬಿಟ್ಟರು. ಮೆಟ್ರೊ ಬಂದದ್ದು 2022ರ ನವೆಂಬರ್‌ನಲ್ಲಿ, 60 ವರ್ಷದ ಮೇಲೆ! ಜಾಗ ಇದ್ದದ್ದರಿಂದ ದಾರಿಯ ಬಹುಪಾಲು ಕಂಬಿಯನ್ನು ಆ ನಡುಪಟ್ಟಿಯಲ್ಲೇ ಹಾಕಿದರು.

ಸೋಗಾನೆಗೆ ಈಗಲೇ ಮೆಟ್ರೊ ಕೇಳುವ ಅಗತ್ಯವಿಲ್ಲ. ವಿಮಾನದ ಹೊತ್ತಿಗೆ ಹೊಂದುವಂತೆ ಶಿವಮೊಗ್ಗ ಬಸ್ ಸ್ಟ್ಯಾಂಡ್ ಮತ್ತು ಭದ್ರಾವತಿಯಿಂದ ಬಸ್ಸು ಬಿಡಲಿ. ವಿಮಾನ ತಡವಾದರೆ ಬಸ್ಸೂ ಕಾಯಲಿ. ಜೊತೆಗೆ ರಸ್ತೆ ಪಕ್ಕ ಮಳಿಗೆ, ಲೇಔಟು ಏಳುವ ಮೊದಲೇ ಒಂದು ಪಟ್ಟಿ ಜಾಗ ಕಾದಿಡಲಿ. ನಿಮ್ಮ ಕಡೆಯ ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ. ಅರ್ಜಿಯ ಜೊತೆ ಲಗತ್ತಿಸಲು ನಕ್ಷೆ ಬೇಕಾದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ, ನಾನೇ ಬರೆದು ಕೊಡುತ್ತೇನೆ.