ಸಂತೆಯಿಂದ ತಂದ ಕೋಳಿಯನ್ನು ನೇರವಾಗಿ ಗೂಡಿಗೆ ಬಿಡಬೇಡಿ

ಹಿತ್ತಲಲ್ಲಿ ಕೋಳಿ ಸಾಕುವವರಿಂದ ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಬಹುಪಾಲು ಹೊಸವಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಈ ಮೂರೂ ಜಿಲ್ಲೆಗಳಿಂದ, ಊರಿನ ಹೆಸರಷ್ಟೇ ಬದಲಾಗಿ, ಅದೇ ನಾಲ್ಕೈದು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಒಮ್ಮೆ ಉತ್ತರ ಪಡೆದವರೇ ಮುಂದಿನ ಬೇಸಿಗೆಯಲ್ಲಿ ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕಳಿಸುವುದೂ ಉಂಟು. ಗೂಡನ್ನು ಎಲ್ಲಿ ಕಟ್ಟಬೇಕು, ನೀರನ್ನು ಯಾವಾಗ ಬದಲಿಸಬೇಕು ಎಂಬ ಮಾತುಗಳಿಗೆ ಇಲ್ಲಿ ಜಾಗ ಕೊಡುವುದಿಲ್ಲ, ಕೋಳಿ ಸಾಕಿದ ಯಾವ ಮನೆಯ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. ಈ ಸಲದ ಹೆಚ್ಚಿನ ಜಾಗವನ್ನು ಒಂದೇ ಪ್ರಶ್ನೆಗೆ ಕೊಟ್ಟಿದ್ದೇನೆ, ಏಕೆಂದರೆ ಅದರ ಉತ್ತರ ಸಮಯಕ್ಕೆ ಸರಿಯಾಗಿ ತಲುಪದೆ ಪ್ರತಿ ವರ್ಷ ಎಷ್ಟೋ ಮನೆಗಳ ಗೂಡುಗಳು ಬರಿದಾಗುತ್ತಿವೆ.

ಪ್ರಶ್ನೆ: ಹುಂಜವಿಲ್ಲದಿದ್ದರೂ ಕೋಳಿ ತತ್ತಿ ಇಡುತ್ತದೆಯೇ? (ಗೋಕಾಕ)

ಉತ್ತರ: ಇಡುತ್ತದೆ. ಆ ತತ್ತಿಯಿಂದ ಮರಿಯಾಗುವುದಿಲ್ಲ, ಅಷ್ಟೇ.

ಪ್ರಶ್ನೆ: ಕಡಕ್‌ನಾಥ್ ಕೋಳಿಯ ತತ್ತಿ ತಿಂದರೆ ಸಕ್ಕರೆ ಕಾಯಿಲೆ ಗುಣವಾಗುತ್ತದೆ ಎನ್ನುತ್ತಾರೆ. ನಮ್ಮ ಜವಾರಿ ಕೋಳಿಗಳನ್ನು ಮಾರಿ ಅದನ್ನೇ ಸಾಕಬಹುದೇ? (ಮುಧೋಳ)

ಉತ್ತರ: ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಭಾಗದ ಕಪ್ಪು ಕೋಳಿ, ಅದರ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಇಷ್ಟು ನಿಜ. ಉಳಿದ ಮಹಿಮೆಯನ್ನೆಲ್ಲ ಹೇಳಿ ತತ್ತಿಯನ್ನು ದುಬಾರಿ ಬೆಲೆಗೆ ಮಾರುವವರ ಮಾತು ನಂಬಿ, ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ಮನೆಯಲ್ಲಿ ಯಾರೂ ಬಿಡದಂತೆ ನೋಡಿಕೊಳ್ಳಿ.

ಪ್ರಶ್ನೆ: ಐದು ಜವಾರಿ ಕೋಳಿಗಳಿಂದ ಆರಂಭಿಸಿದ ನಮ್ಮ ಸಾಕಣೆ ಹೋದ ದೀಪಾವಳಿಯ ಹೊತ್ತಿಗೆ ನಲವತ್ತು ದಾಟಿತ್ತು. ತತ್ತಿ ಮಾರಿದ ಹಣದಲ್ಲಿ ಮಕ್ಕಳ ಶಾಲೆಯ ಖರ್ಚು ನೀಗುತ್ತಿತ್ತು. ಜಾತ್ರೆ ಮುಗಿದ ಮೇಲೆ ಸಂತೆಯಿಂದ ಮೂರು ಹ್ಯಾಟೆಗಳನ್ನು ತಂದು ಅವುಗಳ ಜೊತೆ ಬಿಟ್ಟೆವು. ಒಂದು ವಾರದಲ್ಲಿ ಕೋಳಿಗಳು ಮಂಕಾಗಿ, ಬಿಳಿ ಹಸಿರು ಹಿಕ್ಕೆ ಹಾಕುತ್ತ, ಬಾಯಿ ತೆರೆದು ಉಸಿರಾಡುತ್ತ ಸಾಯತೊಡಗಿದವು. ಕೆಲವು ಕುತ್ತಿಗೆ ತಿರುಚಿಕೊಂಡು ಸತ್ತವು. ಈಗ ಒಂಬತ್ತು ಉಳಿದಿವೆ. ಬಿಸಿಲಿಗೆ ಬರುವ ಬ್ಯಾನಿ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ. ಊರಲ್ಲಿ ಔಷಧ ಕೊಡುವವರೊಬ್ಬರು ಕ್ಯಾಪ್ಸೂಲ್ ಕೊಟ್ಟರು, ಗುಣ ಕಾಣಲಿಲ್ಲ. ಯಾವ ಔಷಧ ಹಾಕಬೇಕು? (ಇಂಡಿ ತಾಲೂಕಿನ ಗೃಹಿಣಿ)

ಉತ್ತರ: ತಾಯಿ, ಇದಕ್ಕೆ ಔಷಧವಿಲ್ಲ. ಕಠಿಣವಾದ ಮಾತಾದರೂ ಮೊದಲು ಇದನ್ನೇ ಹೇಳಬೇಕು, ಏಕೆಂದರೆ ಔಷಧವಿದೆ ಎಂದು ನಂಬಿಸಿ ಹಣ ಕೀಳುವವರು ನಮ್ಮ ಭಾಗದ ಪ್ರತಿ ಊರಿನಲ್ಲೂ ಇದ್ದಾರೆ. ನೀವು ಬರೆದಿರುವ ಲಕ್ಷಣಗಳು ಕೊಕ್ಕರೆ ರೋಗದವು. ಹಿಮಾಲಯದ ತಪ್ಪಲಿನ ರಾಣಿಖೇತ್‌ನಲ್ಲಿ 1920ರ ದಶಕದಲ್ಲಿ ಗುರುತಿಸಿದ ಕಾರಣ ಇದನ್ನು ರಾಣಿಖೇತ್ ರೋಗ ಎಂದೂ ಕರೆಯುತ್ತಾರೆ. ಇದು ವೈರಾಣುವಿನಿಂದ ಬರುವ ರೋಗವಾದ್ದರಿಂದ, ಮನುಷ್ಯರ ಮೆಡಿಕಲ್ ಅಂಗಡಿಯಿಂದ ತಂದು ಬಿಚ್ಚಿ ನೀರಿಗೆ ಸುರಿಯುವ ಕ್ಯಾಪ್ಸೂಲ್ ಅದರ ಕೂದಲನ್ನೂ ಕೊಂಕಿಸದು. ಬೆಳ್ಳುಳ್ಳಿ, ಅರಿಶಿನ, ತಂಬಾಕಿನ ನೀರು ಯಾವುದೂ ವೈರಾಣುವನ್ನು ಕೊಲ್ಲುವುದಿಲ್ಲ. ನಂಜು ಇಳಿಯಲೆಂದು ಜುಟ್ಟು ಕೊಯ್ದು ರಕ್ತ ಹರಿಸುವುದಂತೂ ಸಾಯುವ ಜೀವಕ್ಕೆ ಕೊಡುವ ಹಿಂಸೆ.

ಇದೇ ಲಕ್ಷಣಗಳು ಹಕ್ಕಿಜ್ವರದಲ್ಲೂ ಕಾಣುತ್ತವೆ. ಆದ್ದರಿಂದ ಇಷ್ಟು ಕೋಳಿಗಳು ಒಮ್ಮೆಗೇ ಸತ್ತಾಗ ಹತ್ತಿರದ ದನದ ದವಾಖಾನೆಗೆ ಅದೇ ದಿನ ತಿಳಿಸುವುದು ನಿಮ್ಮ ಕರ್ತವ್ಯ. ವೈದ್ಯರು ಬರುವವರೆಗೆ ಸತ್ತ ಕೋಳಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ. ನಂತರ ಅವರು ಹೇಳಿದಂತೆ, ನಾಯಿ ಕೆದರಲಾಗದಷ್ಟು ಆಳದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿರಿ. ತಿಪ್ಪೆಗೆ, ಹಳ್ಳಕ್ಕೆ ಎಸೆದರೆ ನಾಯಿ ಕಾಗೆಗಳು ಅದನ್ನು ಓಣಿಯ ತುಂಬ ಎಳೆದಾಡುತ್ತವೆ. ನನ್ನ ಇನ್ನೊಂದು ವಿನಂತಿಯನ್ನು ಕೈಮುಗಿದು ಕೇಳುತ್ತೇನೆ: ಉಳಿದ ಒಂಬತ್ತು ಸಾಯುವ ಮುನ್ನ ಬಂದಷ್ಟು ಬರಲೆಂದು ಅವನ್ನು ಸಂತೆಗೆ ಒಯ್ಯಬೇಡಿ. ನಿಮ್ಮ ಮೂರು ಹ್ಯಾಟೆಗಳನ್ನು ಮಾರಿದವರೂ ಬಹುಶಃ ಹೀಗೆಯೇ ಯೋಚಿಸಿದ್ದರು. ಸೋಂಕು ತಗುಲಿದ ಕೋಳಿಯಲ್ಲಿ ಲಕ್ಷಣ ಕಾಣಿಸಲು ಸಾಮಾನ್ಯವಾಗಿ ಐದಾರು ದಿನ, ಕೆಲವೊಮ್ಮೆ ಎರಡು ವಾರವೂ ಬೇಕಾಗುವುದರಿಂದ, ಸಂತೆಯಲ್ಲಿ ಚುರುಕಾಗಿ ಕಂಡ ಹ್ಯಾಟೆ ನಿಮ್ಮ ಹಿತ್ತಲಿಗೆ ಬಂದ ಮೇಲೆ ರೋಗ ತೋರಿಸುತ್ತದೆ. ಅಷ್ಟರಲ್ಲಿ ಅದರ ಹಿಕ್ಕೆ, ಸಿಂಬಳಗಳಿಂದ ಸೋಂಕು ನೀರಿನ ಪಾತ್ರೆಗೂ ಕಾಳಿಗೂ ಸೇರಿರುತ್ತದೆ.

ನಿಮ್ಮ ಅತ್ತೆಯವರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಬಿಸಿಲಿನಿಂದ ಈ ರೋಗ ಹುಟ್ಟುವುದಿಲ್ಲ, ಆದರೆ ನಮ್ಮಲ್ಲಿ ಬಾದಾಮಿಯ ಬನಶಂಕರಿ, ಸವದತ್ತಿಯ ಯಲ್ಲಮ್ಮ ಮೊದಲ್ಗೊಂಡು ಊರೂರ ಜಾತ್ರೆಗಳ ಸಾಲು ಮುಗಿಯುತ್ತಿದ್ದಂತೆ ಬೇಸಿಗೆ ಕಾಲಿಡುತ್ತದೆ. ಆ ತಿಂಗಳುಗಳಲ್ಲಿ ಕೋಳಿಗಳು ಸಂತೆಯಿಂದ ಮನೆಗೆ, ಬೀಗರ ಮನೆಯಿಂದ ತವರಿಗೆ ಓಡಾಡುತ್ತವೆ. ಬಿಸಿಲಿಗೆ ಬಳಲಿ ಅವುಗಳ ಶಕ್ತಿ ಕುಗ್ಗಿರುತ್ತದೆ. ರೋಗವನ್ನು ಹೊತ್ತು ತಂದದ್ದು ಸಂತೆಯ ಕೋಳಿ, ಬಿಸಿಲು ಅದಕ್ಕೆ ದಾರಿ ಸುಗಮ ಮಾಡಿಕೊಟ್ಟಿತು.

ಈಗ ಲಸಿಕೆಯ ಮಾತು. ನನಗೆ ನಿಜವಾಗಿ ಸಂಕಟವಾಗುವುದು ಇಲ್ಲಿಯೇ. ಈ ರೋಗ ತಡೆಯುವ ಆರ್‌2ಬಿ ಲಸಿಕೆಯನ್ನು ರಾಣಿಖೇತ್ ಇರುವ ಅದೇ ಬೆಟ್ಟಗಳ ನಡುವಿನ ಮುಕ್ತೇಶ್ವರದ ಪಶುವೈದ್ಯ ಸಂಶೋಧನಾ ಸಂಸ್ಥೆಯಲ್ಲಿ 1940ರ ದಶಕದಲ್ಲಿಯೇ ಸಿದ್ಧಪಡಿಸಿದ್ದರು. ಇಷ್ಟು ಹಳೆಯ ಲಸಿಕೆಯೊಂದು ಕೈಗೆಟುಕುವ ಬೆಲೆಯಲ್ಲಿ ಇದ್ದೂ ನಿಮ್ಮಂಥವರ ಮೂವತ್ತಕ್ಕೂ ಹೆಚ್ಚು ಕೋಳಿಗಳು ಸಾಯುವುದನ್ನು ವಿಧಿ ಎಂದು ಒಪ್ಪಿಕೊಳ್ಳಲು ನಾನು ಸಿದ್ಧನಿಲ್ಲ. ಮರಿಗೆ 5ರಿಂದ 7 ದಿನವಾದಾಗ ಇದೇ ರೋಗಕ್ಕಿರುವ ಲಸೋಟ ಅಥವಾ ಎಫ್ ಎಂಬ ಸೌಮ್ಯ ಲಸಿಕೆಯನ್ನು ಕಣ್ಣಿಗೆ ಇಲ್ಲವೆ ಮೂಗಿನ ಹೊಳ್ಳೆಗೆ ಒಂದು ಹನಿ ಹಾಕಬೇಕು. 4ನೇ ವಾರದಲ್ಲಿ ಲಸೋಟವನ್ನೇ ಕುಡಿಯುವ ನೀರಿನಲ್ಲಿ ಮತ್ತೊಮ್ಮೆ ಕೊಡಬೇಕು. 8ನೇ ವಾರದಲ್ಲಿ ಆರ್‌2ಬಿಯನ್ನು ರೆಕ್ಕೆಯ ಕೆಳಗೆ, ಚರ್ಮದ ಅಡಿಗೆ ಅರ್ಧ ಮಿಲಿಲೀಟರ್ ಚುಚ್ಚಬೇಕು; ಮುಂದೆ ಜಾತ್ರೆಗಳ ಕಾಲಕ್ಕೆ ಮೊದಲು ವರ್ಷಕ್ಕೊಮ್ಮೆ ಹಾಕಿಸುವುದು ಒಳ್ಳೆಯದು. ಆರ್‌2ಬಿ ಹೆಚ್ಚು ತೀವ್ರವಾದ ಲಸಿಕೆಯಾದ್ದರಿಂದ ಆರು ವಾರ ತುಂಬದ ಮರಿಗೆ ಅದನ್ನು ಚುಚ್ಚಲೇಬಾರದು. ಮೊದಲ ಹನಿ ಹಾಕಿದ ಮೇಲೆ ಎರಡನೆಯದು ಯಾಕೆ ಎಂದು ಕೇಳುವವರಿಗೆ ಉತ್ತರ ಇದು: ಲಸಿಕೆ ಪಡೆದ ತಾಯಿಯ ಮರಿಗೆ ತತ್ತಿಯ ಮೂಲಕವೇ ಸ್ವಲ್ಪ ರಕ್ಷಣೆ ಬಂದಿರುತ್ತದೆ, ಆ ರಕ್ಷಣೆ ನಮ್ಮ ಮೊದಲ ಹನಿಯ ಬಲವನ್ನು ಒಂದಿಷ್ಟು ತಗ್ಗಿಸುತ್ತದೆ, ಕೆಲವು ವಾರಗಳಲ್ಲಿ ತಾನೂ ಇಲ್ಲವಾಗುತ್ತದೆ.

ಹನಿ ಹಾಕುವ ಕೆಲಸವನ್ನು ಅವಸರದಲ್ಲಿ ಮಾಡುವವರೇ ಹೆಚ್ಚು. ಮರಿಯನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳು ತೋರುಬೆರಳುಗಳ ನಡುವೆ ತಲೆಯನ್ನು ಓರೆಯಾಗಿಸಿ, ಹನಿ ಕಣ್ಣಿನ ಮೇಲೆ ಬಿದ್ದ ಬಳಿಕ ತಡೆಯಿರಿ. ಹನಿ ಮೊದಲು ಕಣ್ಣಿನ ಮೇಲೆ ಗುಂಡಗೆ ನಿಂತಿರುತ್ತದೆ. ಮರಿ ಒಂದೆರಡು ಸಲ ರೆಪ್ಪೆ ಬಡಿದಾಗ ಒಳಗೆ ಹರಡಿ ಕಾಣದಾಗುತ್ತದೆ. ಆಮೇಲೆ ಮರಿಯನ್ನು ಕೆಳಗೆ ಬಿಡಿ. ಹನಿ ಕೆನ್ನೆಯ ಪುಕ್ಕಕ್ಕೆ ಜಾರಿತೆಂದರೆ ಆ ಮರಿಗೆ ಲಸಿಕೆ ಹಾಕಿದಂತಾಗಲಿಲ್ಲ, ಇನ್ನೊಂದು ಹನಿ ಹಾಕಬೇಕು. ಕೆಲಸ ಮುಗಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆಯಿರಿ, ಅದೇ ಕೈ ಕಣ್ಣಿಗೆ ತಾಗಿದರೆ ನಿಮ್ಮ ಕಣ್ಣೂ ಕೆಂಪಾಗಬಹುದು.

ಈ ಲಸಿಕೆ ಜೀವಂತ ವೈರಾಣುವಿನದು, ಬಿಸಿ ತಾಗಿದರೆ ಸತ್ತುಹೋಗುತ್ತದೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ತರುವಾಗ ಮಂಜುಗಡ್ಡೆಯ ಡಬ್ಬಿಯಲ್ಲಿಯೇ ತರಬೇಕು. ಕಲಸಿದ ಮೇಲೆ ಎರಡು ತಾಸಿನೊಳಗೆ ಮುಗಿಸಬೇಕು. ಅಂಗಿಯ ಕಿಸೆಯಲ್ಲಿ ಸೀಸೆ ಇಟ್ಟುಕೊಂಡು ಬೈಕಿನ ಮೇಲೆ ಊರೂರು ತಿರುಗಿ ಚುಚ್ಚುವವರು ನಿಮ್ಮ ಕೋಳಿಗೆ ಬರೀ ನೀರು ಚುಚ್ಚುತ್ತಿದ್ದಾರೆ ಎಂದೇ ತಿಳಿಯಿರಿ. ಕುಡಿಯುವ ನೀರಿನಲ್ಲಿ ಕೊಡುವಾಗ ಬ್ಲೀಚಿಂಗ್ ಹಾಕಿದ ನಲ್ಲಿಯ ನೀರು ಬೇಡ, ಅದೂ ಲಸಿಕೆಯನ್ನು ಕೊಲ್ಲುತ್ತದೆ. ಜಂತಿನ ಔಷಧವನ್ನು ಲಸಿಕೆಗೆ ಒಂದು ವಾರ ಮೊದಲೇ ಕೊಟ್ಟು ಮುಗಿಸಿರಿ. ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಲಸಿಕೆ ಇರುತ್ತದೆ, ನಮ್ಮಲ್ಲಿರುವುದು ಹನ್ನೆರಡೇ ಎಂದು ಕೈಬಿಡುವವರು ಬಹಳ. ಓಣಿಯ ನಾಲ್ಕಾರು ಮನೆಯವರು ಮಾತಾಡಿಕೊಂಡು, ಕೋಳಿಗಳು ಇನ್ನೂ ಗೂಡಿನಲ್ಲಿರುವ ನಸುಕಿನಲ್ಲಿ ಎಲ್ಲರ ಕೋಳಿಗೂ ಒಟ್ಟಿಗೆ ಹಾಕಿಸಿದರೆ ಒಂದೇ ಸೀಸೆ ಸಾಕು. ಪಕ್ಕದ ಮನೆಯ ಕೋಳಿಗೆ ಹಾಕಿಸದೆ ನಿಮ್ಮದಕ್ಕೆ ಮಾತ್ರ ಹಾಕಿಸಿದರೂ ನಿಮಗೆ ನೆಮ್ಮದಿ ಇರುವುದಿಲ್ಲ, ಅವು ಕೆದಕುವ ತಿಪ್ಪೆ ಒಂದೇ.

ನಿಮ್ಮ ಮನೆಯ ಉಳಿದ ಒಂಬತ್ತಕ್ಕೆ ಈಗಲೇ ಲಸಿಕೆ ಬೇಕೇ ಬೇಡವೇ ಎಂಬುದನ್ನು ವೈದ್ಯರು ಕೋಳಿಗಳನ್ನು ನೋಡಿ ನಿರ್ಧರಿಸಲಿ. ಈಗಾಗಲೇ ಒಳಗೆ ಸೋಂಕು ಹೊಕ್ಕ ಕೋಳಿಗೆ ಲಸಿಕೆ ಹಾಕಿದರೂ ಅದು ಸಾಯಬಹುದು. ಆಗ ಲಸಿಕೆಯೇ ಕೊಂದಿತು ಎಂಬ ಸುದ್ದಿ ಊರೆಲ್ಲ ಹಬ್ಬಿ, ಮುಂದಿನ ವರ್ಷ ಯಾರೂ ಸೂಜಿಯ ಹತ್ತಿರ ಬರುವುದಿಲ್ಲ. ಗೂಡಿನ ಹಿಕ್ಕೆ, ಹಾಸು ಎಲ್ಲವನ್ನೂ ತೆಗೆದು ಸುಡಿರಿ, ಸುಣ್ಣ ಬಳಿಯಿರಿ, ನಮ್ಮ ಬಿಸಿಲನ್ನು ಒಳಗೆ ಬೀಳಬಿಡಿರಿ. ಕೊನೆಯ ಕೋಳಿ ಚೇತರಿಸಿಕೊಂಡ ಮೇಲೂ ಕೆಲವು ವಾರ ಹೊಸದನ್ನು ತರಬೇಡಿ. ತಂದಾಗ ಹಿತ್ತಲಿನ ಇನ್ನೊಂದು ಮೂಲೆಯಲ್ಲಿ 3 ವಾರ ಬೇರೆಯಾಗಿ ಇಡಿ. ಮೊದಲು ಹಳೆಯವಕ್ಕೆ ಕಾಳು ನೀರು ಕೊಟ್ಟು, ಕೊನೆಗೆ ಹೊಸವುಗಳ ಬಳಿ ಹೋಗಿ, ಚಪ್ಪಲಿ ತೊಳೆದು ಬನ್ನಿ. ಹಿಂಡು ದೊಡ್ಡದಾದಷ್ಟೂ ಈ ನಿಯಮ ಬಿಗಿಯಾಗಬೇಕು. ಐದು ಕೋಳಿಯಿದ್ದಾಗ ದೇವರು ಕಾಯ್ದ ಎಂದು ನಲವತ್ತು ಕೋಳಿಗೂ ಅದೇ ಧೈರ್ಯ ಮಾಡುವುದು ಸಲ್ಲದು. ಹಿಂಡು ಬೆಳೆಸುವ ಆಸೆಯಿದ್ದರೆ ಸಂತೆಯ ಕೋಳಿಗಿಂತ ಮನೆಯಲ್ಲೇ ಕಾವಿಗೆ ಕೂಡಿಸಿದ ಕೋಳಿಯನ್ನು ನೆಚ್ಚಿಕೊಳ್ಳಿ. ಜವಾರಿ ತಾಯಿಯೊಂದು 21 ದಿನ ಕಾವು ಕೂತು, ಮರಿಗಳನ್ನು ಕಟ್ಟಿಕೊಂಡು ಮೊದಲ ಸಲ ಅಂಗಳಕ್ಕಿಳಿದು ಕಾಳು ಕೆದರಿ ಕರೆಯುವುದನ್ನು ನೋಡುವ ಸಂತೋಷ ಈ ಸಾಕಣೆಯಲ್ಲಿ ಎಲ್ಲಕ್ಕಿಂತ ದೊಡ್ಡದು, ಅದು ನಿಮ್ಮ ಮನೆಗೆ ಮತ್ತೆ ಬರಬೇಕೆಂದೇ ಇಷ್ಟು ಉದ್ದಕ್ಕೆ ಬರೆದಿದ್ದೇನೆ.

ಪ್ರಶ್ನೆ: ಮಕ್ಕಳಿಗಾಗಿ ಸಂತೆಯಲ್ಲಿ ಗುಲಾಬಿ, ಹಸಿರು ಬಣ್ಣದ ಮರಿಗಳನ್ನು ಕೊಂಡಿದ್ದೆವು, ಒಂದೂ ಉಳಿಯಲಿಲ್ಲ. (ಬೆಳಗಾವಿ)

ಉತ್ತರ: ತತ್ತಿ ಕೋಳಿಯ ಹ್ಯಾಚರಿಗಳಲ್ಲಿ ಬೇಡವಾದ ಗಂಡು ಮರಿಗಳಿಗೆ ಬಣ್ಣ ಅದ್ದಿ ಮಾರುತ್ತಾರೆ. ಕಾವು, ನೀರು, ಲಸಿಕೆ ಏನನ್ನೂ ಕಾಣದ ಮರಿಗಳು ಅವು. ಕೊಳ್ಳಬೇಡಿ, ಕೊಳ್ಳುವವರಿರುವ ತನಕ ಈ ಕ್ರೌರ್ಯ ನಿಲ್ಲುವುದಿಲ್ಲ.

ಪ್ರಶ್ನೆ: ಗಿರಿರಾಜ ಕೋಳಿಯ ತತ್ತಿಗಳನ್ನು ಜವಾರಿ ಕೋಳಿಯ ಕೆಳಗಿಟ್ಟು ಮರಿ ಮಾಡಿಸಿದೆವು. ಮರಿಗಳು ತತ್ತಿಯಿಟ್ಟ ಗಿರಿರಾಜದಷ್ಟು ಬೆಳೆಯುತ್ತಿಲ್ಲ. (ಜಮಖಂಡಿ)

ಉತ್ತರ: ಗಿರಿರಾಜ ಬೆಂಗಳೂರಿನ ಹೆಬ್ಬಾಳದಲ್ಲಿ ಬೇರೆ ಬೇರೆ ತಳಿಗಳನ್ನು ಕೂಡಿಸಿ ರೂಪಿಸಿದ ಮಿಶ್ರತಳಿ. ಅದರ ಬೆಳವಣಿಗೆ ಮುಂದಿನ ಪೀಳಿಗೆಯಲ್ಲಿ ಹಾಗೆಯೇ ಉಳಿಯುವುದಿಲ್ಲ. ಅದು ಬೇಕೆನಿಸಿದರೆ ಪ್ರತಿ ಸಲವೂ ನಂಬಿಗಸ್ತ ಕೇಂದ್ರದಿಂದಲೇ ಮರಿ ತರಬೇಕು.

ಪ್ರಶ್ನೆ: ಬೇಸಿಗೆಯಲ್ಲಿ ತತ್ತಿಯ ಸಿಪ್ಪೆ ಕಾಗದದಂತೆ ತೆಳುವಾಗುತ್ತಿದೆ. (ಸಿಂದಗಿ)

ಉತ್ತರ: ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈ ತಣಿಸಿಕೊಳ್ಳುತ್ತದೆ. ಆ ಏದುಸಿರಿನಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುವುದರಿಂದ ಸಿಪ್ಪೆ ಕಟ್ಟುವ ಸಾಮಗ್ರಿ ಕಡಿಮೆಯಾಗುತ್ತದೆ. ಬಿಸಿಲಿಗೆ ಮೇವನ್ನೂ ಕಡಿಮೆ ತಿನ್ನುತ್ತದೆ. ನೆರಳು, ತಣ್ಣೀರು, ಬೆಳಗಿನ ಮತ್ತು ಸಂಜೆಯ ತಂಪಿನಲ್ಲಿ ಮೇವು, ಒಂದು ಬಟ್ಟಲಲ್ಲಿ ಪ್ರತ್ಯೇಕವಾಗಿ ಕುಟ್ಟಿದ ಚಿಪ್ಪಿನ ಪುಡಿ ಇಡಿ. ಬೂಷ್ಟು ಹಿಡಿದ ಗೋವಿನಜೋಳ, ಶೇಂಗಾ ಹಿಂಡಿಯನ್ನು ಕೋಳಿಗಾದರೂ ಆಗಲಿ ಎಂದು ಹಾಕಬೇಡಿ, ಅದರ ವಿಷ ಅವುಗಳ ಯಕೃತ್ತನ್ನು ಕೆಡಿಸುತ್ತದೆ.

ಪ್ರಶ್ನೆ: ಕಾವು ಬಿಡಿಸಲು ಕೋಳಿಯ ಮೂಗಿಗೆ ಪುಕ್ಕ ಚುಚ್ಚಬೇಕೇ, ನೀರಿನಲ್ಲಿ ಮುಳುಗಿಸಬೇಕೇ? (ಹುನಗುಂದ)

ಉತ್ತರ: ಎರಡೂ ಬೇಡ, ಎರಡೂ ಹಿಂಸೆ. ಹಾಸು ಇಲ್ಲದ, ಕೆಳಗಿನಿಂದ ಗಾಳಿಯಾಡುವ ತಂತಿ ತಳದ ಪಂಜರದಲ್ಲಿ, ಬೆಳಕಿರುವ ಕಡೆ, ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇಟ್ಟರೆ ಹೊಟ್ಟೆಯ ಅಡಿ ತಂಪಾಗಿ ಕಾವು ತಾನಾಗಿಯೇ ಬಿಡುತ್ತದೆ.